ಬಸ್ಸಿನ ಕನ್ನಡಿಯಲ್ಲಿ ನಮ್ಮ ಹಿತ್ತಲು

ಅಜ್ಜಿಯ ಬಗ್ಗೆ ಬರೆಯುವವರೆಲ್ಲ ಕೈತುತ್ತಿನಿಂದ ಶುರು ಮಾಡುತ್ತಾರೆ. ಅಂಥ ಬರಹಗಳನ್ನು ನಾನು ಬೇಕಾದಷ್ಟು ಓದಿದ್ದೇನೆ. ಬೆಣ್ಣೆ ಕಡೆಯುವ ಅಜ್ಜಿ, ಕತೆ ಹೇಳುವ ಅಜ್ಜಿ, ಸೆರಗಿನ ತುದಿಯಲ್ಲಿ ಮೊಮ್ಮಕ್ಕಳಿಗೆ ಬೆಲ್ಲ ಕಟ್ಟಿಟ್ಟುಕೊಂಡ ಅಜ್ಜಿ. ಓದಿ ಪುಸ್ತಕ ಮುಚ್ಚಿಡುತ್ತೇನೆ. ನಮ್ಮಜ್ಜಿಯೂ ನನಗೆ ಬೆಲ್ಲ ಕೊಟ್ಟದ್ದುಂಟು, ಇಲ್ಲವೆನ್ನುವುದಿಲ್ಲ. ಆದರೆ ಕೊಡುವ ಮೊದಲು ನಮ್ಮಮ್ಮ ಅಡುಗೆಮನೆಯಲ್ಲಿ ಏನು ತಿಂದಳು, ಯಾರ ಹತ್ತಿರ ಮಾತಾಡಿದಳು ಅಂತ ಕೇಳುತ್ತಿದ್ದಳು. ನಾನು ಹೇಳಿದ ಮೇಲೆ ಬೆಲ್ಲ. ಹೇಳಿ ತಿಂದ ನಾಲಿಗೆಯೂ ನನ್ನದೇ. ಅವಳು ಸತ್ತು ಬಹಳ ವರ್ಷವಾಯಿತು, ನನಗೂ ಕೂದಲು ನೆರೆತಿದೆ, ಅವಳ ಮೇಲಿನ ಸಿಟ್ಟು ಮಾತ್ರ ಗುಲಗಂಜಿಯಷ್ಟೂ ಇಳಿದಿಲ್ಲ. ಅದನ್ನು ಮುಚ್ಚಿಟ್ಟುಕೊಂಡು ನಮ್ಮ ಮನೆಯ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ.

ಗಡಿಯಾಚೆ ತಮಿಳು ಸೀಮೆಯ ತಳಿ ಊರಿನಲ್ಲಿ ಬಸ್ಸಿಳಿದು ಅರ್ಧ ಗಂಟೆ ನಡೆದರೆ ನಮ್ಮೂರು. ಸುತ್ತ ಎಲೆಕೋಸು, ಸೇವಂತಿಗೆ, ಮಳೆ ಹಿಡಿದರೆ ರಾಗಿ. ಮನೆಯ ಮುಂದೆ ಜಗುಲಿ, ಒಳಗೆ ನಡುಮನೆ, ನಡುಮನೆಯ ಹಿಂಬಾಗಿಲು ದಾಟಿದರೆ ಪಡಸಾಲೆ. ಪಡಸಾಲೆಯ ಕೊನೆಗೆ ಒಂದು ಕಂಬ. ಅಲ್ಲಿಂದ ಮನೆ ಎಡಕ್ಕೆ ತಿರುಗಿಕೊಳ್ಳುತ್ತಿತ್ತು. ಆ ತಿರುವಿನಾಚೆ ಅಡುಗೆಮನೆ, ರಾಗಿ ತುಂಬುವ ಆಳೆತ್ತರದ ಮಣ್ಣಿನ ವಾಡೆ, ಅದನ್ನೂ ದಾಟಿದರೆ ಬಯಲು ಹಿತ್ತಲು. ಹಿತ್ತಲಿನಲ್ಲಿ ಮೊದಲು ಸಿಗುವುದು ಬಚ್ಚಲಿನ ಮೆಟ್ಟಿಲು, ಅದೇ ಸಾಲಿನಲ್ಲಿ ನೇರಕ್ಕೆ ಹೋದರೆ ಬೇಲಿಯ ಪಕ್ಕ ಬಟ್ಟೆ ಒಗೆಯುವ ಕಲ್ಲು. ಗಂಡಸರು ಕೂತು ಏಳುವುದು ತಿರುವಿನ ಈಚೆ, ಹೆಂಗಸರು ಬದುಕುವುದು ತಿರುವಿನ ಆಚೆ. ಮನೆ ಕಟ್ಟಿದವರು ಏನು ಯೋಚಿಸಿ ಹಾಗೆ ಕಟ್ಟಿದರೋ, ಸೊಸೆಯಂದಿರಿಗೆ ಅದೊಂದು ಪುಣ್ಯವಾಗಿತ್ತು. ಸೇವಂತಿಗೆಗೆ ಬಾಯಿ ಹಾಕಿದ ಮೇಕೆಯನ್ನು ಅಟ್ಟಿಸಿಕೊಂಡು ಹೋಗಿ ಅಜ್ಜಿ ಸೊಂಟ ಮುರಿದುಕೊಂಡು ನಡುಮನೆಯ ಮಂಚ ಹಿಡಿದಾಗ ಆ ಪುಣ್ಯ ಇಮ್ಮಡಿಯಾಯಿತು. ಅವಳಿನ್ನು ತಿರುವಿನಾಚೆಗೆ ಬರುವ ಹಾಗಿರಲಿಲ್ಲ. ಆ ತಿಂಗಳು ಅಮ್ಮ ಒಲೆಯ ಮುಂದೆ ಕೂತು ಏನೋ ಹಾಡು ಗುನುಗುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಆಮೇಲೆ ಅವಳು ಗುನುಗಿದ್ದನ್ನು ನಾನು ಕೇಳಲಿಲ್ಲ.

ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಹೊಸೂರಿಗೆ ಹೋಗಿಬರುವ ಖಾಸಗಿ ಬಸ್ಸಿನ ಡ್ರೈವರು. ಒಂದು ದಿನ ಅವನು ಗೋಣಿಚೀಲದಲ್ಲಿ ಸುತ್ತಿಕೊಂಡು ಒಂದು ಕನ್ನಡಿ ತಂದ. ಬಸ್ಸಿನ ಎಡಮಗ್ಗುಲಿಗೆ ಹಾಕುವ, ಹೊಟ್ಟೆ ಉಬ್ಬಿದ ಕನ್ನಡಿ. ಅಂಚು ಒಡೆದಿತ್ತೆಂದು ತೆಗೆದುಹಾಕಿದ್ದರಂತೆ. ಮಂಚದಲ್ಲಿ ಬಿದ್ದ ಅವ್ವನಿಗೆ ಹೊತ್ತು ಹೋಗಲಿ ಅಂತ ಅದನ್ನು ಪಡಸಾಲೆಯ ಕಂಬಕ್ಕೆ ಮೊಳೆ ಹೊಡೆದು, ತಂತಿ ಬಿಗಿದು, ಆ ಕಡೆ ಈ ಕಡೆ ತಿರುಗಿಸಿ, "ಈಗ ಕಾಣ್ತೈತಾ ಅವ್ವ? ಈಗ?" ಅಂತ ಕೇಳಿ ಕೇಳಿ ಸರಿಮಾಡಿ ನಿಲ್ಲಿಸಿದ. ಅಂಗೈಯಗಲದ ಗಾಜಿನೊಳಗೆ ಅಡುಗೆಮನೆ, ಬಚ್ಚಲು, ಒಗೆಯುವ ಕಲ್ಲು, ಬೇಲಿಯಾಚೆಯ ಹೊಲ, ಅದರ ಮೇಲಿನ ಆಕಾಶದ ಚೂರು, ಎಲ್ಲ ಬಂದು ಸೇರಿಕೊಂಡವು. ಮಗನ ಪ್ರೀತಿ ಅದು, ಒಪ್ಪುತ್ತೇನೆ. ಆ ಪ್ರೀತಿಯ ಕೆಳಗೆ ಯಾರು ನಲುಗುತ್ತಾರೆ ಅಂತ ಅವನು ಯೋಚಿಸಲಿಲ್ಲ. ಯೋಚಿಸುವ ಜಾತಿಯ ಗಂಡಸರು ನಮ್ಮ ಮನೆಯಲ್ಲಿ ಹುಟ್ಟಲೇ ಇಲ್ಲ.

ಅಂದಿನಿಂದ ಅಜ್ಜಿಗೆ ಬೇರೆ ಕೆಲಸವಿಲ್ಲ. ಬೆಳಗಿನಿಂದ ಸಂಜೆಯವರೆಗೆ ದಿಂಬಿಗೆ ಒರಗಿ ಕಂಬದ ಕಡೆಗೇ ಕಣ್ಣು. ದೊಡ್ಡಮ್ಮ ಅವಳ ಸ್ವಂತ ತಮ್ಮನ ಮಗಳು. ದೊಡ್ಡಮ್ಮ ಹಾಲು ಉಕ್ಕಿಸಿದರೆ ಕನ್ನಡಿಗೆ ಮಂಜು ಕವಿಯುತ್ತಿತ್ತು. ಅಮ್ಮ ನಾಟ್ರಾಂಪಾಳ್ಯದವಳು, ಅಂಚೆಟ್ಟಿಯಾಚೆ ಕಾಡಿನ ಊರು. ಅಪ್ಪ ಯಾರದೋ ಮದುವೆಗೆ ಹೋಗಿ ನೋಡಿ, ಹಟ ಹಿಡಿದು ಮಾಡಿಕೊಂಡದ್ದು. ಇಷ್ಟು ವರ್ಷವಾದರೂ ಅಜ್ಜಿ ಅವಳ ಹೆಸರು ಹಿಡಿದು ಕರೆದದ್ದಿಲ್ಲ. ಅಜ್ಜಿಯ ಗಂಟಲಂತೂ ಕೇಳಬೇಡಿ. ಸೊಂಟ ಮುರಿದರೂ ಗಂಟಲಿಗೆ ಏನೂ ಆಗಿರಲಿಲ್ಲ. ಮಂಚದಲ್ಲಿ ಕೂತು ಕೂಗಿದರೆ ಎಲೆಕೋಸಿನ ಹೊಲದಲ್ಲಿದ್ದವರು ತಿರುಗಿ ನೋಡುತ್ತಿದ್ದರು.

"ಏ ನಾಟ್ರಾಂಪಾಳ್ಯದೋಳೇ, ಒಗ್ಗರಣೆಗೆ ಅದೆಷ್ಟು ಎಣ್ಣೆ ಸುರೀತೀಯೇ? ನಿಮ್ಮಪ್ಪನ ಮನೇಲಿ ಗಾಣ ಐತಾ?"

"ಮಂಜೀ, ನಿಮ್ಮವ್ವ ಕನ್ನಡೀಲಿ ಕಾಣ್ತಿಲ್ಲ. ವಾಡೆ ಹಿಂದೆ ಸೇರ್ಕಂಡವ್ಳೆ. ಏನ್ ತಿಂತಾವ್ಳೆ ನೋಡ್ಕಂಡ್ ಬಾ ಹೋಗು."

ವಾಡೆಯ ಹಿಂದಿನ ಜಾಗ ಒಂದೇ ಕನ್ನಡಿಗೆ ಸಿಗದ್ದು. ಅಮ್ಮ ಅಲ್ಲಿ ಕುಕ್ಕರುಗಾಲಲ್ಲಿ ಕೂತು ತಣ್ಣಗಾದ ಮುದ್ದೆಯನ್ನು ಹುಚ್ಚೆಳ್ಳು ಚಟ್ನಿಗೆ ಅದ್ದಿ ಬೇಗ ಬೇಗ ನುಂಗುತ್ತಿದ್ದಳು. ತನ್ನ ಮನೆಯಲ್ಲಿ, ತಾನು ತಿರುವಿದ ಮುದ್ದೆಯನ್ನು, ಕದ್ದವಳ ಹಾಗೆ. ನಾನು ಹೋಗಿ ನೋಡಿ ಬಂದು ಅಜ್ಜಿಗೆ ಹೇಳುತ್ತಿದ್ದೆ. ಹೇಳಬಾರದು ಅಂತ ಅಮ್ಮ ನನಗೆ ಒಂದು ದಿನವೂ ಹೇಳಲಿಲ್ಲ.

ಮನೆಯಲ್ಲಿ ಅಮ್ಮನನ್ನು ಮಾದೇವಿ ಅಂತ ಹೆಸರು ಹಿಡಿದು ಕರೆಯುತ್ತಿದ್ದವರು ತಾತ ಒಬ್ಬರೇ. ಬೆನ್ನು ಪೂರ್ತಿ ಬಾಗಿದ, ಕೋಲು ಹಿಡಿದು ನೆಲ ನೋಡಿಕೊಂಡೇ ನಡೆಯುತ್ತಿದ್ದ ಮನುಷ್ಯ. ಅವರ ಪಂಚೆ ಒಗೆಯುವುದು, ಬಿಸಿನೀರು ತೋಡುವುದು, ಕಾಲಿಗೆ ಹರಳೆಣ್ಣೆ ಹಚ್ಚುವುದು ಎಲ್ಲ ಅಮ್ಮನ ಪಾಲು. ಒಂದು ಭಾನುವಾರ ನಾನು ಜಗುಲಿಯಲ್ಲಿ ಕೂತು ಲೆಕ್ಕ ಮಾಡುತ್ತಿದ್ದೆ. ಹಿತ್ತಲಿನಿಂದ ಬಟ್ಟೆ ಬಡಿಯುವ ಸದ್ದು ಬರುತ್ತಿತ್ತು. ಅದರ ನಡುವೆ ದೊಪ್ಪೆಂದು ಏನೋ ಬಿತ್ತು, ಚೊಂಬು ಉರುಳಿತು, ಆಮೇಲೆ ಅಜ್ಜಿಯ ಗಂಟಲು ಎದ್ದಿತು. ಅವಳು ಕೂಗಿದ ಮೊದಲ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

"ಅಯ್ಯೋ, ಕೊಂದ್ಬುಟ್ಳು!"

ನಾನು ಓಡಿ ಹೋಗುವಷ್ಟರಲ್ಲಿ ಅಮ್ಮ ಬಚ್ಚಲ ಮೆಟ್ಟಿಲಲ್ಲಿ ಕೂತು ತಾತನ ತಲೆಯನ್ನು ಮಡಿಲಿಗೆ ತೆಗೆದುಕೊಂಡಿದ್ದಳು. ಅವಳ ಕೈಯಿಂದ ಸೋಪಿನ ನೊರೆ, ತಾತನ ಕಿವಿಯಿಂದ ರಕ್ತ. ಅವರನ್ನು ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋಗಿ, ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂತ ಡಾಕ್ಟರ ಬಾಯಲ್ಲಿ ಅನ್ನಿಸಿಕೊಂಡು ಬಂದರು. ಜೀವವಿತ್ತು, ಮಾತಿರಲಿಲ್ಲ. ಮಲಗಿಸಿದ್ದು ನಡುಮನೆಯಲ್ಲೇ, ಅಜ್ಜಿಯ ಮಂಚದ ಪಕ್ಕ ಚಾಪೆಯ ಮೇಲೆ. ನೋಡಲು ಬಂದ ಒಬ್ಬೊಬ್ಬರಿಗೂ ಅಜ್ಜಿ ಅದೇ ಕತೆಯನ್ನು, ಒಂದು ಮಾತೂ ಆಚೀಚೆ ಆಗದ ಹಾಗೆ, ಹೇಳುತ್ತಿದ್ದಳು. ಮೊದಲು ಹೇಳಿದ್ದು ತನ್ನ ಇಬ್ಬರು ಗಂಡುಮಕ್ಕಳಿಗೆ.

"ನಾನು ಕಣ್ಣಾರೆ ಕಂಡೆ ಕಣ್ಲಾ. ನಿಮ್ಮಪ್ಪ ಬಚ್ಚಲ ಮೆಟ್ಲು ಮೇಲೆ ನಿಂತವ್ನೆ. ಒಂದ್ ಮೊಳ ದೂರದಾಗೆ ಇವ್ಳು ನಿಂತವ್ಳೆ. ತಲೆ ತಿರುಗ್ತು ಅಂತ ಕಾಣ್ತದೆ, ಕೈ ಚಾಚ್ದ. ಇವ್ಳು ಕೈ ಕೊಡ್ಲಿಲ್ಲ. ಮಖ ಆ ಕಡೀಕ್ ತಿರುಗಿಸ್ಕಂಡ್ಬುಟ್ಳು."

ಅಮ್ಮ ಒಂದೇ ಸಲ ಬಾಯಿಬಿಟ್ಟಳು.

"ನಾನು ಒಗ್ಯೋ ಕಲ್ಲ್ ತಾವ ಇದ್ದೆ. ಬೆನ್ನು ಈ ಕಡೀಕಿತ್ತು. ಬಡಿಯೋ ಸದ್ದಾಗೆ ಏನೂ ಕೇಳ್ಸಲಿಲ್ಲ."

 ಹೊಸೂರಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಅಪ್ಪನದು. ಮನೆಯಲ್ಲಿ ಮಾತೇ ಕಡಿಮೆ. ಆದರೆ ಮರುದಿನ ಪಾಳಿ ಮುಗಿಸಿ ಬಂದವನು, ಅಮ್ಮ ತಂದಿಟ್ಟ ನೀರಿನ ಚೊಂಬನ್ನು ಮುಟ್ಟದೆ, "ಮಂಜೀ, ನೀರ್ ತಗಂಬಾ" ಅಂದ. ನಾನು ಬೇರೆ ಚೊಂಬಿನಲ್ಲಿ ತಂದುಕೊಟ್ಟೆ. ಅದನ್ನು ಕುಡಿದ. ಅಮ್ಮ ತಾನು ಇಟ್ಟ ಚೊಂಬನ್ನು ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ದಿನವೂ ಹಾಗೇ. ಅವಳನ್ನು ಬೈಯಲಿಲ್ಲ, ಹೊಡೆಯಲಿಲ್ಲ, ಊರಿಗೆ ಕಳಿಸುತ್ತೇನೆ ಅನ್ನಲಿಲ್ಲ. ಅವಳ ಕೈಯ ನೀರನ್ನು ಬಿಟ್ಟ, ಅಷ್ಟೆ. ಅಜ್ಜಿ ತಾತನ ಗಂಜಿಯನ್ನು ಅಮ್ಮ ಮುಟ್ಟಬಾರದು ಅಂತ ಕಟ್ಟಪ್ಪಣೆ ಮಾಡಿದ್ದಳು. ಗಂಜಿ ಕುಡಿಸುವುದು ದೊಡ್ಡಮ್ಮ. ಗಂಜಿ ಮುಟ್ಟಬಾರದ ಕೈ ತಾತನ ಉಚ್ಚೆಬಟ್ಟೆ ಮುಟ್ಟಬಹುದಿತ್ತು, ಬೆನ್ನ ಹುಣ್ಣು ತೊಳೆಯಬಹುದಿತ್ತು. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಇಲ್ಲಿ ನನ್ನ ವಿಷಯವನ್ನೂ ಹೇಳಿಬಿಡಬೇಕು. ನಾನೂ ನಂಬಿದ್ದೆ. ಪೂರ್ತಿ ನಂಬಿದೆನೋ ಅರ್ಧ ನಂಬಿದೆನೋ, ನಂಬಿಕೆಗೆ ಅರ್ಧ ಅಂತ ಇರುತ್ತದೆಯೇ? ರಾಗಿ ಹಿಟ್ಟು ಮಿದಿಯುವಾಗ ಅಮ್ಮನ ಕೈಗಳನ್ನೇ ನೋಡುತ್ತಿದ್ದೆ. ಒಂದು ಸಂಜೆ ಅವಳು ನನ್ನ ಜಡೆ ಹಾಕುವಾಗ ಕೇಳಿಯೂ ಬಿಟ್ಟೆ.

"ಅಮ್ಮಾ, ತಾತ ಕೈ ಚಾಚಿದ್ದು ನಿಂಗೆ ಕಾಣ್ಲೇ ಇಲ್ವಾ?"

ಅವಳ ಕೈ ನನ್ನ ಕೂದಲಲ್ಲಿ ನಿಂತಿತು. ಆಮೇಲೆ ಜಡೆ ಮುಗಿಸಿ, ಟೇಪು ಕಟ್ಟಿ, ಎದ್ದು ಹೋದಳು.  ಉತ್ತರ ಕೊಡದವಳು ತಪ್ಪು ಮಾಡಿರಬೇಕು ಅಂತ ನಾನು ತೀರ್ಮಾನಿಸಿದೆ. ಒಂಬತ್ತನೇ ತರಗತಿಯಲ್ಲಿ ಮೊದಲ ರ್‍ಯಾಂಕಿನವಳು ನಾನು, ಬುದ್ಧಿಗೇನು ಕಡಿಮೆ.

ಶಾಲೆ ತಮಿಳು ಮಾಧ್ಯಮ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಪುಸ್ತಕದಲ್ಲಿ ತಮಿಳು, ನಮ್ಮ ಕಡೆ ಮಕ್ಕಳಿಗೆ ಇದೇನೂ ಹೊಸದಲ್ಲ. ತಾತ ಮಲಗಿ ಇಪ್ಪತ್ತನಾಲ್ಕನೆಯ ದಿನ ವಿಜ್ಞಾನದ ಟೀಚರ್ ತರಗತಿಗೆ ಒಂದು ದೊಡ್ಡ ಎವರ್‌ಸಿಲ್ವರ್ ಚಮಚ, ಅಂದರೆ ಸ್ಟೀಲಿನದು, ತಂದರು. ಒಳಮೈಯಲ್ಲಿ ನಮ್ಮ ಮುಖ ತಲೆಕೆಳಗು, ಹೊರಮೈಯಲ್ಲಿ ನೆಟ್ಟಗೆ, ಆದರೆ ಪುಟ್ಟದು. ತಮಿಳಿನಲ್ಲಿ ಒಳಮೈ ಕುಳಿ ಆಡಿ, ಹೊರಮೈ ಕುವಿ ಆಡಿ. ಕನ್ನಡದಲ್ಲಿ ತಗ್ಗುಗನ್ನಡಿ, ಉಬ್ಬುಗನ್ನಡಿ ಅನ್ನಬಹುದು. ಬೋರ್ಡಿನ ಮೇಲೆ ಅವರು ಗೆರೆ ಎಳೆದರು. ತಗ್ಗುಗನ್ನಡಿಯ ಮೇಲೆ ಬಿದ್ದ ಬೆಳಕು ತಿರುಗಿ ಬಂದು ಒಂದು ಕಡೆ ಕೂಡುತ್ತದೆ. ಉಬ್ಬುಗನ್ನಡಿಯ ಮೇಲೆ ಬಿದ್ದದ್ದು ಚೆದುರಿ ಹೋಗುತ್ತದೆ. ಚೆದುರಿದ ಬೆಳಕು ಕಣ್ಣಿಗೆ ಬಂದರೆ, ಕಣ್ಣು ಅದನ್ನು ನೇರಕ್ಕೆ ಹಿಂದೆ ಹಿಂದೆ ಎಳೆದುಕೊಂಡು ಹೋಗಿ, ಕನ್ನಡಿಯ ಬೆನ್ನಿಗೆ ಎಲ್ಲೋ ಒಂದು ಚುಕ್ಕೆಯಿಂದ ಹೊರಟಿತು ಅಂದುಕೊಳ್ಳುತ್ತದೆ. ಅಲ್ಲಿ ನಿಜವಾಗಿ ಏನೂ ಇರುವುದಿಲ್ಲ. ಆ ಇಲ್ಲದ ಬಿಂಬವೇ ನಾವು ನೋಡುವುದು. ಅದು ಯಾವಾಗಲೂ ಚಿಕ್ಕದು, ಯಾವಾಗಲೂ ನೆಟ್ಟಗೆ, ಮತ್ತು ವಸ್ತು ಎಷ್ಟೇ ದೂರ ಹೋಗಲಿ, ಕನ್ನಡಿಯ ಹಿಂದೆ ಒಂದು ಗಡಿಯನ್ನು ದಾಟುವುದಿಲ್ಲ. ಬಸ್ಸಿನ ಕನ್ನಡಿಯಲ್ಲಾದರೆ ಹೆಚ್ಚೆಂದರೆ ಒಂದು ಮೊಳ. ಹತ್ತಡಿ ದೂರದ ಮರವಾಗಲಿ, ಆಕಾಶದ ಸೂರ್ಯನಾಗಲಿ, ಎಲ್ಲವೂ ಆ ಒಂದು ಮೊಳದೊಳಗೆ ಇಕ್ಕಟ್ಟಾಗಿ ನಿಲ್ಲಬೇಕು.

ಟೀಚರ್ ತಮಿಳಿನಲ್ಲಿ ಹೇಳಿದ್ದು ಹೀಗೆ:

"ಕಣ್ಣಾಡೀಲ ಪಾತ್ತು ದೂರಮಾ ಇರುಕ್ಕುನ್ನು ನೆನೆಚ್ಚಾ, ವಂಡಿ ಪಕ್ಕತ್ತುಲೇಯೇ ಇರುಕ್ಕುಂ."

ಕನ್ನಡಿಯಲ್ಲಿ ನೋಡಿ ದೂರವಿದೆ ಅಂದುಕೊಂಡರೆ ಗಾಡಿ ಪಕ್ಕದಲ್ಲೇ ಇರುತ್ತದೆ ಅಂತ. ಎಲ್ಲರೂ ನಕ್ಕರು. ನಾನು ಎದ್ದು ನಿಂತು ಕೇಳಿದೆ: ಒಬ್ಬರ ಹಿಂದೆ ಒಬ್ಬರು ನಿಂತಿದ್ದರೆ, ಒಬ್ಬರು ಹತ್ತಿರ, ಇನ್ನೊಬ್ಬರು ತುಂಬ ದೂರ, ಅವರ ನಡುವಿನ ಅಂತರ ಕನ್ನಡಿಯಲ್ಲಿ ಎಷ್ಟು ಕಾಣುತ್ತದೆ? ಟೀಚರ್ ಸ್ವಲ್ಪ ಯೋಚಿಸಿ ಮೂರು ಬೆರಳು ಜೋಡಿಸಿ, ಇಷ್ಟೇ ಅಗಲ ಅಂತ ತೋರಿಸಿದರು. ನನಗೆ ಅಜ್ಜಿ ಹೇಳುತ್ತಿದ್ದ ಒಂದು ಮೊಳ ನೆನಪಾಯಿತು. ಕೂತೆ.

ಅವತ್ತು ಮನೆಗೆ ಬಂದಾಗ ಅಜ್ಜಿ ಉಂಡು ನಿದ್ದೆ ಹೋಗಿದ್ದಳು, ಅಮ್ಮ ಹೊಲದಲ್ಲಿದ್ದಳು. ಒಂದು ಚೊಂಬನ್ನು ಬಚ್ಚಲ ಮೆಟ್ಟಿಲ ಮೇಲಿಟ್ಟೆ. ಇನ್ನೊಂದು ದೊಡ್ಡ ಬಿಂದಿಗೆಯನ್ನು ಒಗೆಯುವ ಕಲ್ಲಿನ ಮೇಲಿಟ್ಟೆ. ಬಂದು ಅಜ್ಜಿಯ ಮಂಚದ ತಲೆದೆಸೆಗೆ ಕೂತು, ಅವಳ ತಲೆಯ ಎತ್ತರಕ್ಕೆ ನನ್ನ ತಲೆ ತಂದು, ಕಂಬದ ಕಡೆ ನೋಡಿದೆ. ಅಷ್ಟು ದಿನ ಆ ಕನ್ನಡಿಯನ್ನು ನಾನು ಆಚೆಯಿಂದಲೇ ನೋಡಿದ್ದೆ, ನೋಡಿಸಿಕೊಳ್ಳುವವರ ಕಡೆಯಿಂದ. ಅಜ್ಜಿ ಕೂತಲ್ಲಿ ಕೂತು ನೋಡಿದ್ದು ಅದೇ ಮೊದಲು. ಚೊಂಬೂ ಬಿಂದಿಗೆಯೂ ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು, ಹೆಚ್ಚುಕಡಿಮೆ ಒಂದೇ ಗಾತ್ರ. ಬಿಂದಿಗೆಯ ಬಾಯಿ ಯಾವ ಕಡೆಗಿದೆ ಅಂತಲೂ ತಿಳಿಯುತ್ತಿರಲಿಲ್ಲ. ನನಗೇ ಹೀಗೆ ಕಂಡರೆ, ಒಂದು ಕಣ್ಣಿಗೆ ಪೊರೆ ಬಂದ ಅಜ್ಜಿಗೆ, ನೊಣದಷ್ಟು ಕಾಣುವ ಅಮ್ಮನ ಮುಖ ಯಾವುದು, ಬೆನ್ನು ಯಾವುದು? ಆದರೂ ಅವಳು ಮುಖ ತಿರುಗಿಸಿದ್ದನ್ನು ಕಂಡಿದ್ದಳು. ಕಾಣಬೇಕೆಂದು ಕಾದವಳಿಗೆ ಏನು ತಾನೇ ಕಾಣುವುದಿಲ್ಲ.

ಮರುದಿನ ಬೆಳಗ್ಗೆ ತಾತ ಹೋದರು. ಅವತ್ತೇ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದರು. ನಮ್ಮಲ್ಲಿ ಮೂರನೆಯ ದಿನ ಹಾಲುತುಪ್ಪ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಒಬ್ಬೊಬ್ಬರಾಗಿ ಗುಡ್ಡೆಯ ಮೇಲೆ ಚೊಂಬಿನಿಂದ ಹಾಲು ಬಿಡಬೇಕು. ಹಾಲು ಬಿಡದ ಸೊಸೆ ಆ ಮನೆಯ ಸೊಸೆಯಲ್ಲ. ಊರಿನವರೆದುರು ಹಾಗೆ ಬಿಡಿಸದೆ ನಿಲ್ಲಿಸಿದರೆ, ಇವಳಿಂದಲೇ ಅವರು ಸತ್ತರು ಅಂತ ಊರಿಗೆ ಊರೇ ಮುದ್ರೆ ಒತ್ತಿದ ಹಾಗೆ. ಎರಡನೆಯ ದಿನ ಮಧ್ಯಾಹ್ನ ನಡುಮನೆಯ ತುಂಬ ನೆಂಟರು. ಬೇರೆಯವರ ಮನೆಯಿಂದ ಬಂದ ಅನ್ನ ಸಾರು ಉಂಡು, ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದರು. ಅಜ್ಜಿ ಮಂಚದಲ್ಲಿ ಎದ್ದು ಕೂತು ದೊಡ್ಡಪ್ಪನ ಕಡೆ ತಿರುಗಿದಳು.

"ನಾಳೀಕೆ ಹಾಲು ಬಿಡಾಕೆ ನಾಟ್ರಾಂಪಾಳ್ಯದೋಳು ಬರ್ಬಾರ್ದು. ಬಂದ್ರೆ ನನ್ ಹೆಣಾನೂ ಅಲ್ಲೇ ಮಣ್ ಮಾಡ್ಬೇಕಾಯ್ತದೆ."

 ಅಮ್ಮ ಪಡಸಾಲೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಚಾಪೆಯ ಹುಲ್ಲೆಳೆ ಕೀಳುತ್ತ ಕೂತಿದ್ದ. ನಾನು ಎದ್ದೆ. ಅಷ್ಟು ಜನರೆದುರು ಬಾಯಿ ತೆರೆಯುವ ಹುಡುಗಿ ನಾನಾಗಿರಲಿಲ್ಲ, ಆದರೆ ಆ ಹೊತ್ತಿಗೆ ಸಿಟ್ಟಿನಲ್ಲಿ ನನ್ನ ಕಿವಿ ಗುಂಯ್‌ಗುಡುತ್ತಿತ್ತು.

"ಅಜ್ಜೀ, ಒಂದ್ ಸಲ ಕನ್ನಡೀಲಿ ನೋಡಿ ಹೇಳು. ಆಮೇಲೆ ನೀನ್ ಹೇಳ್ದಂಗೇ ಆಗ್ಲಿ."

ದೊಡ್ಡಮ್ಮನನ್ನು ಒಗೆಯುವ ಕಲ್ಲಿನ ಹತ್ತಿರ ನಿಲ್ಲಿಸಿದೆ. ಅಪ್ಪನ ಕೈ ಹಿಡಿದು ಎಬ್ಬಿಸಿಕೊಂಡು ಹೋಗಿ, ಬಚ್ಚಲ ಮೆಟ್ಟಿಲ ಮೇಲೆ ತಾತನ ಹಾಗೆ ಬೆನ್ನು ಬಗ್ಗಿಸಿ ನಿಲ್ಲು ಅಂದೆ. ಯಾಕೋ ಅವನು ನಿಂತ. ದೊಡ್ಡಮ್ಮನ ಕಡೆಗೆ ಕೈ ಚಾಚು ಅಂದೆ. ಚಾಚಿದ. ಒಳಗೆ ಓಡಿಬಂದು ಅಜ್ಜಿಯನ್ನು ಕೇಳಿದೆ.

"ಇಬ್ರೂ ಕಾಣ್ತಾರಾ?"

"ಕ್ವಾಣದಂಗೆ ನಿಂತವ್ರೆ, ಕಾಣ್ದೆ ಏನು?"

"ಎಷ್ಟ್ ದೂರ ಅವ್ರೆ?"

"ಎಷ್ಟ್ ದೂರ ಅಂದ್ರೆ? ಕೈಗೆ ಕೈ ಸಿಕ್ಕೈತೆ. ಅವತ್ತೂ ಇಂಗೇ ನಿಂತಿದ್ದು."

ನೆಂಟರೆಲ್ಲ ಅಷ್ಟೊತ್ತಿಗೆ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದರು. ಅಪ್ಪನ ಕೈ ಗಾಳಿಯಲ್ಲಿ ನೀಡಿದ್ದು ಹಾಗೇ ಇತ್ತು. ಆಚೆ ತುದಿಯಲ್ಲಿ ದೊಡ್ಡಮ್ಮ ಬಿಸಿಲಿಗೆ ಹಣೆಗೆ ಕೈ ಅಡ್ಡ ಇಟ್ಟುಕೊಂಡು, "ಇನ್ನಾ ಎಷ್ಟೊತ್ತು ನಿಂತ್ಕಬೇಕು?" ಅಂತ ಅಲ್ಲಿಂದ ಕೂಗಿ ಕೇಳುತ್ತಿದ್ದಳು. ನಾನು ನೀರು ಸೇದುವ ಹಗ್ಗ ತಂದು ಒಂದು ತುದಿಯನ್ನು ಅಪ್ಪನ ಕೈಗೆ ಕೊಟ್ಟೆ, ಇನ್ನೊಂದು ತುದಿಯನ್ನು ದೊಡ್ಡಮ್ಮನವರೆಗೂ ಎಳೆದುಕೊಂಡು ಹೋಗಿ ಗಂಟು ಹಾಕಿದೆ. ಆಮೇಲೆ ಆ ಹಗ್ಗವನ್ನು ನಡುಮನೆಗೆ ತಂದು, ಅಜ್ಜಿಯ ಮಂಚದ ಮುಂದೆ, ಎಲ್ಲರಿಗೂ ಕೇಳುವ ಹಾಗೆ ಮೊಳ ಹಾಕಿದೆ. ಹನ್ನೆರಡು ಮೊಳ. ಬೇಕಾದರೆ ನೀವೂ ಹಾಕಿ ಅಂತ ದೊಡ್ಡಪ್ಪನ ಕೈಗೆ ಕೊಟ್ಟೆ. ಅವನೂ ಹಾಕಿದ, ಅವನ ಕೈ ಉದ್ದ, ಹನ್ನೊಂದಾಯಿತು. ಇಪ್ಪತ್ತು ವರ್ಷ ಆ ಕನ್ನಡಿಗಳನ್ನು ನೋಡಿ ಬಸ್ಸು ಓಡಿಸಿದವನು, ಉಬ್ಬುಗನ್ನಡಿಯಲ್ಲಿ ದೂರ ಹೀಗೆ ಕುಗ್ಗುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹಗ್ಗ ಹಿಡಿದುಕೊಂಡು ನನ್ನ ಕಣ್ಣು ತಪ್ಪಿಸಿದ್ದರಲ್ಲೇ ಗೊತ್ತಾಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಗೆದ್ದವಳಿಗೆ ಇನ್ನೂ ಗೆಲ್ಲಬೇಕು ಅನಿಸಿತ್ತು, ಮತ್ತು ಹಗ್ಗ ಎಳೆಯುವಾಗಲೇ ಇನ್ನೊಂದು ಮಾತು ತಲೆಗೆ ಹೊಳೆದಿತ್ತು.

"ಅಜ್ಜೀ, ತಾತ ಕೈ ಚಾಚಿದ್ದು ನೀನ್ ನೋಡ್ದೆ. ತಲೆ ತಿರುಗಿದ್ದು ನೋಡ್ದೆ. ಎಣ್ಣೆ ಒಂದ್ ತೊಟ್ಟು ಹೆಚ್ಚು ಬಿದ್ರೆ ಊರಿಗೆಲ್ಲ ಕೇಳಂಗೆ ಕೂಗ್ತೀಯ. ಅವತ್ತು ಬೀಳೋ ಮೊದ್ಲು ಯಾಕೆ ಕೂಗ್ಲಿಲ್ಲ? ಕೂಗಿದ್ರೆ ಅಮ್ಮ ತಿರುಗ್ತಿರ್ಲಿಲ್ವಾ?"

 ಅಜ್ಜಿ ಕೂಡಲೇ ಉತ್ತರ ಕೊಟ್ಟಳು, ಯೋಚಿಸದೆ, ಅದರಲ್ಲಿ ಮುಚ್ಚಿಡುವಂಥದ್ದೇನಿದೆ ಅನ್ನುವ ಹಾಗೆ.

"ಹಿಡೀತಾಳಾ ಇಲ್ವಾ ನೋಡಾನ ಅಂತಿದ್ದೆ."

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೇ ಕೇಳಿಸಿತೆಂದು ಕಾಣುತ್ತದೆ.  ದೊಡ್ಡಪ್ಪ ಹಗ್ಗವನ್ನು ನೆಲಕ್ಕೆ ಹಾಕಿ, ಪಡಸಾಲೆಗೆ ಹೋಗಿ, ಕಂಬದ ತಂತಿ ಬಿಚ್ಚಲು ಶುರು ಮಾಡಿದ. "ಬಿಡ್ಲಾ, ನನ್ ಕಣ್ಣು ಕೀಳ್ಬೇಡ ಕಣ್ಲಾ" ಅಂತ ಅಜ್ಜಿ ಅಳುತ್ತಿದ್ದಳು. ಕನ್ನಡಿ ತೆಗೆದರು. ಆಮೇಲೆ ಎರಡು ವರ್ಷ ಅವಳು ಬರಿಯ ಕಂಬ ನೋಡಿಕೊಂಡು ಬದುಕಿದಳು. ನನಗೆ ಅಯ್ಯೋ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಗಂಡ ಬೀಳುತ್ತಿರುವಾಗ ಸೊಸೆಯ ತಪ್ಪು ಹಿಡಿಯಲು ಬಾಯಿ ಮುಚ್ಚಿಕೊಂಡು ಕೂತವಳಿಗೆ ಕಂಬವೇ ಹೆಚ್ಚು.

ಆ ಹಗ್ಗದ ಗರ್ವ ನನ್ನನ್ನು ಇಲ್ಲಿಯವರೆಗೆ ನಡೆಸಿಕೊಂಡು ಬಂದಿದೆ. ಓದಿ ಸರ್ವೇಯರ್ ಆದೆ. ಗಡಿಜಗಳದ ಹೊಲಗಳಲ್ಲಿ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ನಿಂತಿರುವಾಗ ನಾನು ಸುಮ್ಮನೆ ಟೇಪು ಎಳೆಯುತ್ತೇನೆ. ಮನೆಯಲ್ಲೂ ಹಾಗೇ, ಗಂಡ ಹೇಳಿದ ಮಾತನ್ನು ಇನ್ನೊಂದು ಕಡೆಯಿಂದ ವಿಚಾರಿಸದೆ ನಂಬಿದ್ದಿಲ್ಲ. ಇದು ಒಳ್ಳೆಯ ಗುಣ ಅಂತ ಬಹಳ ಕಾಲ ಅಂದುಕೊಂಡಿದ್ದೆ.

ಕನ್ನಡಿ ತೆಗೆದ ಅವತ್ತು ಸಂಜೆ ಅಪ್ಪ ಪಡಸಾಲೆಯಲ್ಲಿ ಕೂತು, ತಾತ ಬಿದ್ದ ಇಪ್ಪತ್ತಾರನೆಯ ದಿನ, ಅಮ್ಮನನ್ನೇ ನೇರವಾಗಿ ನೀರು ಕೇಳಿದ. ಅವಳು ತಂದಿಟ್ಟಳು. ಅವನು ಕುಡಿದ. ನಾನು ಬಾಗಿಲ ಸಂದಿಯಿಂದ ನೋಡಿ, ಎಲ್ಲ ಸರಿಹೋಯಿತು ಅಂತ ಹಿಗ್ಗಿದೆ. ಅಮ್ಮ ಖಾಲಿ ಚೊಂಬು ತೊಳೆದು ಬೋರಲು ಹಾಕಿದಳು, ಮುಖದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ.

ಮರುದಿನ ಬೆಳಗ್ಗೆ ಎಲ್ಲರೂ ಹೊಲಕ್ಕೆ ಹೋದೆವು. ಎಲೆಕೋಸಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ಗುಡ್ಡೆಯ ಮುಂದೆ ಬಾಳೆಯೆಲೆ ಹಾಕಿ ತಾತನಿಗೆ ಇಷ್ಟವಾಗಿದ್ದ ಮುದ್ದೆ, ಅವರೆಕಾಳು ಸಾರು, ಒಂದು ಕಟ್ಟು ಬೀಡಿ ಇಟ್ಟರು. ದೊಡ್ಡಪ್ಪ ಹಾಲು ಬಿಟ್ಟ, ಅಪ್ಪ ಬಿಟ್ಟ, ದೊಡ್ಡಮ್ಮ ಬಿಟ್ಟಳು. ಆಮೇಲೆ ಅಪ್ಪ ಚೊಂಬಿಗೆ ಮತ್ತೆ ಹಾಲು ತುಂಬಿಸಿಕೊಂಡು, ಊರಿನವರೆಲ್ಲ ನೋಡುತ್ತಿದ್ದ ಹಾಗೆ, ಅಮ್ಮನ ಕಡೆ ನೀಡಿದ. ಅವನ ದನಿಯಲ್ಲಿ ಒಂದು ಹೊಸ ಮೆದುತನವಿತ್ತು.

"ತಗಾ ಮಾದೇವಿ."

ಅಮ್ಮ ಕೈ ಮುಂದೆ ಮಾಡಲಿಲ್ಲ. ಗುಡ್ಡೆಯ ಕಡೆ ನೋಡಿ ಒಂದು ಸಲ ಕೈಮುಗಿದಳು. ಆಮೇಲೆ ಅಪ್ಪನಿಗೆ ಹೇಳಿದಳು. ಕೂಗಿ ಹೇಳಲಿಲ್ಲ, ಆದರೂ ಎಲ್ಲರಿಗೂ ಕೇಳಿತು.

"ಮಾವನೋರ ಬೆನ್ನ ಹುಣ್ಣು ನಾನ್ ತೊಳ್ದಿದ್ದೀನಿ, ನನ್ ಕೈ ಎಂಥದ್ದು ಅಂತ ಅವ್ರಿಗ್ ಗೊತ್ತು. ಹಗ್ಗ ಹಾಕಿ ಅಳ್ದ್ ಮೇಲೆ ನಂಬಾದಾದ್ರೆ ದಾರೀಲ್ ಹೋಗೋರೂ ನಂಬ್ತಾರೆ. ಹದಿನಾರು ವರ್ಷ ನನ್ ಜೊತೇಲಿದ್ದು, ನೀವೂ ಹಗ್ಗ ಬರ್ಲಿ ಅಂತ ಕಾಯ್ತಿದ್ರಾ?"

ಅಪ್ಪ ಚೊಂಬು ಹಿಡಿದುಕೊಂಡೇ ನಿಂತ. ಅವಳು ತಿರುಗಿ ಬದುವಿನ ಮೇಲೆ ಮನೆಯ ಕಡೆ ನಡೆದಳು. ನಾನು ಹಿಂದೆಯೇ ಓಡಿದೆ. ಸೇವಂತಿಗೆ ಸಾಲಿನ ಹತ್ತಿರ ಅವಳ ಸೆರಗು ಸಿಕ್ಕಿತು, ಹಿಡಿದು ನಿಲ್ಲಿಸಿದೆ. ನನಗೆ ಅಳು ಬರುತ್ತಿತ್ತು.

"ಅಮ್ಮಾ, ನಾನ್ ಹೇಳಿದ್ನಲ್ಲಾ! ಅಷ್ಟ್ ಜನರ ಮುಂದೆ ನಿನ್ ಪರವಾಗಿ ಮಾತಾಡಿದ್ದು ನಾನೊಬ್ಳೇ ಅಲ್ವಾ?"

ಅಮ್ಮ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೆರಗು ತೆಗೆದುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

"ಮಾತಾಡ್ದೆ ಕಣವ್ವ," ಅಂದಳು. "ಇಪ್ಪತ್ತಾರನೇ ದಿನಕ್ಕೆ."